ಶಾಲೆಯ ಸಭಾಂಗಣದಲ್ಲೇ ಒಂದು ವಿಜ್ಞಾನ ಸಂಗ್ರಹಾಲಯ: ಚಲನೆಯನ್ನು ಕೈಯಾರೆ ಕಲಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಮುಂದೆ ಶಾಲಾ ಪ್ರವಾಸದ ದಿನಗಳಲ್ಲಿ ಬಸ್ಸುಗಳ ಸಾಲೇ ನಿಲ್ಲುತ್ತದೆ. ಮಕ್ಕಳು ಒಳಹೋಗಿ, ಸಿಕ್ಕಿದ ಗುಂಡಿ ಒತ್ತಿ, ಸಿಕ್ಕಿದ ಹಿಡಿಕೆ ತಿರುಗಿಸಿ, ಮುಂದಿನ ಅಂತಸ್ತಿಗೆ ಓಡಿ, ಊಟದ ಹೊತ್ತಿಗೆ ಹೊರಬರುತ್ತಾರೆ. ಅವರಿಗೆ ಖುಷಿಯಾಗಿರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಚಲನೆಯ ವಿಷಯದಲ್ಲಿ ಒಳಹೋಗುವಾಗ ಇದ್ದ ನಂಬಿಕೆಗಳು ಬಹುಪಾಲು ಹಾಗೆಯೇ ಹೊರಗೂ ಬರುತ್ತವೆ: ಭಾರವಾದದ್ದು ಬೇಗ ಬೀಳುತ್ತದೆ, ತಳ್ಳುವುದನ್ನು ಬಿಟ್ಟರೆ ವಸ್ತು ತನ್ನಷ್ಟಕ್ಕೆ ನಿಲ್ಲುತ್ತದೆ, ಮುಂದಕ್ಕೆ ಚಿಮ್ಮಿದ ನಾಣ್ಯ ನೆಲ ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ. ಈ ನಂಬಿಕೆಗಳು ಗಟ್ಟಿಯಾಗಿರುವುದಕ್ಕೆ ಕಾರಣವಿದೆ. ಘರ್ಷಣೆಯೂ ಗಾಳಿಯ ತಡೆಯೂ ಇರುವ ನಮ್ಮ ದಿನನಿತ್ಯದ ಲೋಕದಲ್ಲಿ ಅವು ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತವೆ.

ಐದರಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಕಲಿಸುವ ಶಿಕ್ಷಕರು, ವಿಜ್ಞಾನ ಕೂಟ ನಡೆಸುವವರು ಮತ್ತು ಆಸಕ್ತ ಪೋಷಕರು ಸಂಗ್ರಹಾಲಯದ ಮಾದರಿಯ ಆರು ಮೇಜುಗಳನ್ನು ತಮ್ಮ ಶಾಲೆಯಲ್ಲೇ ಸಿದ್ಧಪಡಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಬೇಕಾಗುವ ಸಾಮಗ್ರಿಯಲ್ಲಿ ಹೆಚ್ಚಿನದು ಎಲೆಕ್ಟ್ರಿಕಲ್ ಅಂಗಡಿ, ಪಾತ್ರೆ ಅಂಗಡಿ ಮತ್ತು ಮಕ್ಕಳ ಜೇಬುಗಳಲ್ಲಿಯೇ ಸಿಗುತ್ತದೆ.

ಮೊದಲು ಒಪ್ಪಿಕೊಳ್ಳಬೇಕಾದ ಕ್ರಮ

ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬ ಸಂಗ್ರಹಾಲಯವನ್ನು ಆರಂಭಿಸಿದಾಗ, ಅಲ್ಲಿನ ವಸ್ತುಗಳನ್ನು ನೋಡುಗರು ಮುಟ್ಟಬೇಕು, ತಿರುಗಿಸಬೇಕು, ಬದಲಿಸಿ ನೋಡಬೇಕು ಎಂಬುದೇ ಅದರ ನಿಯಮವಾಗಿತ್ತು. ಗಾಜಿನ ಪೆಟ್ಟಿಗೆಯೊಳಗಿನ ಮಾದರಿಗೂ ಇಂಥ ಪ್ರದರ್ಶಿಕೆಗೂ ಇರುವ ವ್ಯತ್ಯಾಸ ಮುಟ್ಟುವುದರಲ್ಲಷ್ಟೇ ಇಲ್ಲ. ಮಗು ಒಂದು ಅಂಶವನ್ನು ಬದಲಿಸಿದಾಗ ಫಲಿತಾಂಶ ಬದಲಾಗುವುದು ಅಥವಾ ಬದಲಾಗದಿರುವುದು ಅದರ ಕಣ್ಣೆದುರೇ ಕಾಣಬೇಕು. ಹೀಗಾಗಿ ಪ್ರತಿ ಮೇಜಿನಲ್ಲೂ ಒಂದು ಸಲಕ್ಕೆ ಒಂದೇ ಅಂಶ ಬದಲಾಗುವಂತೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಮೇಜಿನ ಬಳಿಗೆ ಬಂದ ಗುಂಪು ಮೊದಲು ಏನಾಗಬಹುದೆಂಬ ಊಹೆಯನ್ನು ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಮಾಡಿ ನೋಡಬೇಕು, ಅಳೆಯಲು ಸಾಧ್ಯವಿದ್ದರೆ ಅಳೆಯಬೇಕು. ವಿವರಣೆ ಕೊನೆಗೆ ಬರಬೇಕು. ಊಹೆಯನ್ನು ಬಾಯಲ್ಲಿ ಹೇಳಿಸಿದರೆ ಸಾಲದು. ಗುಂಪಿನಲ್ಲಿ ಜೋರಾಗಿ ಮಾತಾಡುವ ಮಗುವಿನ ಊಹೆಯೇ ಎಲ್ಲರದೂ ಆಗಿಬಿಡುತ್ತದೆ, ಫಲಿತಾಂಶ ಕಂಡ ಮೇಲೆ ‘ನಾನೂ ಅದನ್ನೇ ಅಂದುಕೊಂಡಿದ್ದೆ’ ಎನ್ನುವವರು ಹೆಚ್ಚುತ್ತಾರೆ. ತಪ್ಪಾದ ಊಹೆಗೆ ಯಾರೂ ಅಂಕ ಕಳೆಯುವುದಿಲ್ಲವೆಂದು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು.

ನಲವತ್ತು ಮಕ್ಕಳ ತರಗತಿಯಾದರೆ ಆರು ಅಥವಾ ಏಳು ಮಕ್ಕಳ ಆರು ಗುಂಪುಗಳನ್ನು ಮಾಡಿ, ಪ್ರತಿ ಮೇಜಿಗೆ ಹದಿನೈದು ನಿಮಿಷ ಕೊಡಬೇಕು. ಪ್ರತಿ ಮೇಜಿನಲ್ಲಿ ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಬಹುದು. ಎಕ್ಸ್‌ಪ್ಲೊರೇಟೋರಿಯಂನಲ್ಲೂ ಪ್ರೌಢಶಾಲೆಯ ವಿದ್ಯಾರ್ಥಿಗಳೇ ನೋಡುಗರೊಡನೆ ನಿಂತು ಮಾತಾಡುವ ಪದ್ಧತಿಯಿದೆ. ‘ಏನಾಗುತ್ತೆ ಅನ್ಸುತ್ತೆ?’, ‘ಇನ್ನೊಂದು ಸಲ ಮಾಡಿ ತೋರಿಸ್ತೀಯಾ?’, ‘ಏನು ಬದಲಾಯಿಸಿದೆ?’ ಎಂಬ ಮೂರು ಪ್ರಶ್ನೆಗಳನ್ನು ಆ ವಿದ್ಯಾರ್ಥಿಗೆ ಕಲಿಸಿದರೆ ಸಾಕು. ಉತ್ತರ ಕಲಿಸಿಕೊಟ್ಟರೆ ಆತ ಅದನ್ನೇ ಮೊದಲು ಹೇಳಿಬಿಡುವ ಸಂಭವವಿದೆ.

ಮೊದಲ ಮೇಜು: ಗೆಜ್ಜೆ ಕಟ್ಟಿದ ಇಳಿಜಾರು

ಆರರಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ವೈರಿಂಗ್‌ಗೆ ಬಳಸುವ ಪಿವಿಸಿ ಕೇಸಿಂಗ್ ಪಟ್ಟಿಯ ಕನಿಷ್ಠ 1.8 ಮೀಟರ್ ಉದ್ದದ ಒಂದು ತುಂಡನ್ನು ತನ್ನಿ. ಗೋಲಿ ಅದರೊಳಗೆ ಸಲೀಸಾಗಿ ಉರುಳಬೇಕು, ಆದರೆ ಆಚೀಚೆ ಅಲೆದಾಡುವಷ್ಟು ಅಗಲ ಇರಬಾರದು. ಆದ್ದರಿಂದ ಅಂಗಡಿಗೆ ಹೋಗುವಾಗ ಗೋಲಿಯನ್ನು ಜೊತೆಗೇ ಒಯ್ಯಿರಿ. ಪಟ್ಟಿ ಬಾಗದಂತೆ ಅದನ್ನು ನೇರವಾದ ಮರದ ರೀಪರಿನ ಮೇಲೆ ಅಂಟಿಸಿ, ಒಂದು ತುದಿಯನ್ನು ಪ್ರತಿ ಮೀಟರ್ ಉದ್ದಕ್ಕೆ 3 ಸೆಂಟಿಮೀಟರಿನಂತೆ ಎತ್ತರಿಸಿ. ಇಳಿಜಾರು ಇಷ್ಟು ಕಡಿಮೆಯಿದ್ದರೆ ಮಾತ್ರ ಗೋಲಿಯ ಓಟವನ್ನು ಕಿವಿ ಹಿಂಬಾಲಿಸಬಲ್ಲದು.

ಈಗ ನಾಲ್ಕು ಬಿಡಿ ಗೆಜ್ಜೆಗಳನ್ನು ತೆಳ್ಳನೆಯ ದಾರದಲ್ಲಿ ಕಟ್ಟಿ, ಬಗ್ಗಿಸಿದ ತಂತಿಯ ಕಮಾನುಗಳಿಂದ ಪಟ್ಟಿಯ ಮೇಲೆ ಇಳಿಬಿಡಬೇಕು. ಹಾಯ್ದುಹೋಗುವ ಗೋಲಿ ಗೆಜ್ಜೆಗೆ ಸೋಕಿದರೆ ಸಾಕು, ಡಿಕ್ಕಿ ಹೊಡೆಯಬಾರದು. ಮೊದಲ ಸುತ್ತಿನಲ್ಲಿ ಗೆಜ್ಜೆಗಳನ್ನು ಸಮದೂರದಲ್ಲಿ, ಅಂದರೆ ಗೋಲಿ ಹೊರಡುವ ಜಾಗದಿಂದ 40, 80, 120, 160 ಸೆಂ.ಮೀ. ದೂರದಲ್ಲಿ ಇಡಿ. ಗೋಲಿಯನ್ನು ತಳ್ಳದೆ ಒಂದು ಸ್ಕೇಲಿನಿಂದ ತಡೆದು ಹಿಡಿದು, ಸ್ಕೇಲನ್ನು ಇಳಿಜಾರಿನ ದಿಕ್ಕಿಗೇ ಚಕ್ಕನೆ ಸರಿಸಿ ಬಿಡಬೇಕು. ಮೊದಲ ಗೆಜ್ಜೆಯ ಸದ್ದು ಬರಲು ಸುಮಾರು ಎರಡು ಸೆಕೆಂಡು ಹಿಡಿಯುತ್ತದೆ. ಕೊನೆಯ ಎರಡು ಗೆಜ್ಜೆಗಳ ನಡುವೆ ಅರ್ಧ ಸೆಕೆಂಡಿನ ಅಂತರವೂ ಕಷ್ಟದಿಂದ ಉಳಿಯುತ್ತದೆ. ಗೋಲಿಯ ವೇಗ ಹೆಚ್ಚುತ್ತಿದೆ ಎಂಬುದನ್ನು ಇಲ್ಲಿಯವರೆಗೆ ಎಲ್ಲ ಮಕ್ಕಳೂ ನಿರೀಕ್ಷಿಸಿರುತ್ತಾರೆ.

ಆಮೇಲೆ ಕೇಳಬೇಕಾದ ಪ್ರಶ್ನೆ ಇದು: ತಾಳ ಹಾಕಿದಂತೆ ಗೆಜ್ಜೆಗಳು ಸಮ ಅಂತರದಲ್ಲಿ ಸದ್ದು ಮಾಡಬೇಕಾದರೆ ಅವನ್ನು ಎಲ್ಲೆಲ್ಲಿ ಇಡಬೇಕು? ಮಕ್ಕಳು ಕೈಯಲ್ಲಿ ತಾಳ ಹಾಕುತ್ತ, ಕಮಾನುಗಳನ್ನು ಸರಿಸುತ್ತ, ಮತ್ತೆ ಮತ್ತೆ ಗೋಲಿ ಬಿಡುತ್ತ ತಾವೇ ಹುಡುಕಲಿ. ಇದಕ್ಕೆ ಹತ್ತು ನಿಮಿಷ ಹೋದರೂ ಅವಸರ ಮಾಡಬೇಡಿ. ಸರಿಯಾದ ಜಾಗಗಳು 10, 40, 90, 160 ಸೆಂ.ಮೀ.ಗಳ ಆಸುಪಾಸಿನಲ್ಲಿ ಸಿಗುತ್ತವೆ, ಈ ಇಳಿಜಾರಿನಲ್ಲಿ ತಾಳದ ಅಂತರ ಸುಮಾರು ಒಂದು ಸೆಕೆಂಡು ಇರುತ್ತದೆ. ಗೋಲಿ ಒಂದು ತಾಳಕ್ಕೆ ಹೋದ ದೂರವನ್ನು ಒಂದು ಪಾಲು ಎಂದುಕೊಂಡರೆ ಎರಡು ತಾಳಕ್ಕೆ ನಾಲ್ಕು ಪಾಲು, ಮೂರಕ್ಕೆ ಒಂಬತ್ತು, ನಾಲ್ಕಕ್ಕೆ ಹದಿನಾರು ಪಾಲು ಹೋಗಿರುತ್ತದೆ. ಪಕ್ಕಪಕ್ಕದ ಗೆಜ್ಜೆಗಳ ನಡುವಿನ ದೂರವನ್ನು ಬರೆದು ನೋಡಿದರೆ 10, 30, 50, 70 ಎಂಬ ಸಾಲು ಬರುತ್ತದೆ: ಒಂದು, ಮೂರು, ಐದು, ಏಳು. ವೇಗೋತ್ಕರ್ಷದ ಸೂತ್ರವನ್ನು ಇನ್ನೂ ಕಲಿಯದ ಆರನೆಯ ತರಗತಿಯ ಮಗುವೂ ಬೆಸಸಂಖ್ಯೆಗಳ ಈ ಸಾಲನ್ನು ಗುರುತಿಸಬಲ್ಲದು.

ಗೆಲಿಲಿಯೊ ಇಂಥದೇ ಇಳಿಜಾರಿನ ಪ್ರಯೋಗವನ್ನು 1638ರಲ್ಲಿ ಪ್ರಕಟವಾದ ತನ್ನ ಬರಹದಲ್ಲಿ ವಿವರಿಸಿದ್ದಾನೆ. ಆಗ ಸೆಕೆಂಡು ತೋರಿಸುವ ಗಡಿಯಾರ ಅವನ ಬಳಿ ಇರಲಿಲ್ಲ. ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿ ಅವನು ಕಾಲವನ್ನು ಅಳೆದ. ಗಂಟೆಗಳನ್ನು ಕಟ್ಟಿದ ಇಳಿಜಾರಿನ ಉಪಕರಣವೊಂದು ಫ್ಲಾರೆನ್ಸ್ ನಗರದ ಗೆಲಿಲಿಯೊ ಸಂಗ್ರಹಾಲಯದಲ್ಲಿದೆ. ಅದು ಗೆಲಿಲಿಯೊ ಸ್ವತಃ ಬಳಸಿದ್ದಲ್ಲ, ಅವನ ನಿಯಮವನ್ನು ತೋರಿಸಿಕೊಡಲು ಮುಂದೆ ಮಾಡಿದ್ದು. ನಮ್ಮ ಗೆಜ್ಜೆಯ ಪಟ್ಟಿ ಅದರದೇ ಅಗ್ಗದ ರೂಪ.

ಎರಡನೆಯ ಮೇಜು: ಲೋಲಕ

ಕಿಟಕಿಯ ಸರಳಿಗೆ ಅಥವಾ ಮೇಜಿನ ಅಂಚಿಗೆ ಬಿಗಿದ ಕೋಲಿಗೆ ದಾರ ಕಟ್ಟಿ, ತುದಿಗೆ ಒಂದು ಕಬ್ಬಿಣದ ನಟ್ ತೂಗಿಬಿಡಿ. ದಾರವನ್ನು ಕಟ್ಟಿದ ಜಾಗ ಅಲುಗಾಡಬಾರದು. ಆಂದೋಲನದ ಕಾಲವನ್ನು ಏನು ಬದಲಿಸುತ್ತದೆ ಎಂಬುದಕ್ಕೆ ಮಕ್ಕಳು ಸಾಮಾನ್ಯವಾಗಿ ಮೂರು ಉತ್ತರ ಕೊಡುತ್ತಾರೆ: ತೂಕ, ಎಷ್ಟು ದೂರ ಎಳೆದು ಬಿಟ್ಟೆವು ಎಂಬುದು, ದಾರದ ಉದ್ದ. ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಒಂದೇ ಆಂದೋಲನದ ಕಾಲವನ್ನು ಅಳೆಯಲು ಹೋದರೆ ಗುಂಡಿ ಒತ್ತುವ ಬೆರಳಿನ ತಡವೇ ಉತ್ತರವನ್ನು ಕೆಡಿಸುತ್ತದೆ. ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು ಭಾಗಿಸಬೇಕು. ಹೋಗಿ ಮರಳಿ ಬಂದರೆ ಒಂದು ಆಂದೋಲನ, ಎಣಿಕೆ ‘ಸೊನ್ನೆ’ಯಿಂದ ಆರಂಭ. 25 ಸೆಂ.ಮೀ. ಉದ್ದದ ಲೋಲಕ ಇಪ್ಪತ್ತು ಆಂದೋಲನಗಳಿಗೆ ಸುಮಾರು 20 ಸೆಕೆಂಡು ತೆಗೆದುಕೊಂಡರೆ, 100 ಸೆಂ.ಮೀ. ಉದ್ದದ್ದು ಸುಮಾರು 40 ಸೆಕೆಂಡು ತೆಗೆದುಕೊಳ್ಳುತ್ತದೆ. ನಾಲ್ಕು ಪಟ್ಟು ಉದ್ದಕ್ಕೆ ಕಾಲ ಎರಡೇ ಪಟ್ಟು. ಮೊದಲ ಮೇಜಿನಿಂದ ಬಂದ ಗುಂಪಿಗೆ ಒಂದು–ನಾಲ್ಕರ ಈ ನಂಟು ಹೊಳೆಯುವುದುಂಟು, ಹೊಳೆಯದಿದ್ದರೆ ಸೂಚನೆ ಕೊಡಬಹುದು.

ತೂಕ ಬದಲಿಸುವಾಗ ಒಂದು ಎಚ್ಚರಿಕೆ ಅಗತ್ಯ. ಮಕ್ಕಳು ಒಂದು ನಟ್ಟಿನ ಕೆಳಗೆ ಇನ್ನೊಂದನ್ನು ಕಟ್ಟುತ್ತಾರೆ. ಹಾಗೆ ಕಟ್ಟಿದರೆ ತೂಕದ ಜೊತೆಗೆ ಉದ್ದವೂ ಹೆಚ್ಚಿ, ‘ತೂಕ ಹೆಚ್ಚಿದರೆ ನಿಧಾನವಾಗುತ್ತದೆ’ ಎಂಬ ತಪ್ಪು ತೀರ್ಮಾನ ಅಳತೆಯ ಬೆಂಬಲದೊಂದಿಗೇ ಬಂದುಬಿಡುತ್ತದೆ. ಎಲ್ಲ ನಟ್ಟುಗಳನ್ನೂ ತಂತಿಯ ಒಂದೇ ಕೊಕ್ಕೆಗೆ ಪೋಣಿಸಿ, ಉದ್ದವನ್ನು ದಾರದ ಮೇಲ್ತುದಿಯಿಂದ ನಟ್ಟುಗಳ ಗುಂಪಿನ ನಡುಭಾಗದವರೆಗೆ ಅಳೆಯಬೇಕು. ಎಳೆದು ಬಿಡುವ ಕೋನದ ವಿಷಯದಲ್ಲಿ ಪಠ್ಯಪುಸ್ತಕದ ‘ಬದಲಾಗುವುದಿಲ್ಲ’ ಎಂಬ ಮಾತು ಸಣ್ಣ ಕೋನಗಳಿಗಷ್ಟೇ ಸಲ್ಲುತ್ತದೆ. 60 ಡಿಗ್ರಿಗೆ ಎಳೆದು ಬಿಟ್ಟರೆ ಕಾಲ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಇಪ್ಪತ್ತು ಆಂದೋಲನ ಎಣಿಸುವಷ್ಟರಲ್ಲಿ ಲೋಲಕದ ಬೀಸು ಕುಗ್ಗುವುದರಿಂದ ಇಲ್ಲಿ ಅಳತೆಗೆ ಸಿಗುವ ವ್ಯತ್ಯಾಸ ಅದಕ್ಕಿಂತ ಕಡಿಮೆ. ಚುರುಕಾದ ಗುಂಪು ಈ ವ್ಯತ್ಯಾಸವನ್ನು ಹಿಡಿದರೆ ಅವರನ್ನು ತಿದ್ದಲು ಹೋಗಬೇಡಿ, ಅವರು ಹೇಳುತ್ತಿರುವುದು ಸರಿ.

ಲೋಲಕದ ಮಾತು ಬಂದಾಗ ಫ್ರೆಂಚ್ ಭೌತವಿಜ್ಞಾನಿ ಫೂಕೊ 1851ರಲ್ಲಿ ಪ್ಯಾರಿಸ್ಸಿನಲ್ಲಿ ಉದ್ದನೆಯ ಲೋಲಕ ತೂಗಿಬಿಟ್ಟು ಭೂಮಿ ತಿರುಗುವುದನ್ನು ತೋರಿಸಿದ ಸಂಗತಿಯನ್ನು ಹೇಳಬಹುದು. ದೆಹಲಿಯ ಹೊಸ ಸಂಸತ್ ಭವನದಲ್ಲೂ ಅಂಥ ಲೋಲಕವಿದೆ. ಭೂಮಿ ತಿರುಗುವುದರಿಂದ ನೆಲದ ಮೇಲೆ ನಿಂತವರಿಗೆ ಅದರ ಬೀಸುವ ದಿಕ್ಕು ನಿಧಾನವಾಗಿ ತಿರುಗಿದಂತೆ ಕಾಣುತ್ತದೆ, ಒಂದು ಸುತ್ತು ತಿರುಗಲು ದೆಹಲಿಯಲ್ಲಿ ಹತ್ತಿರ ಹತ್ತಿರ 50 ಗಂಟೆ ಬೇಕು. ಸಮಭಾಜಕಕ್ಕೆ ಇನ್ನೂ ಸಮೀಪವಿರುವ ಬೆಂಗಳೂರಿನಲ್ಲಿ ತೂಗಿಬಿಟ್ಟರೆ ಲೆಕ್ಕದ ಪ್ರಕಾರ ಸುಮಾರು 107 ಗಂಟೆ ಬೇಕಾಗುತ್ತದೆ.

ಮೂರನೆಯ ಮೇಜು: ಎರಡು ನಾಣ್ಯ, ಒಂದೇ ಸದ್ದು

ಮೇಜಿನ ಅಂಚಿನಲ್ಲಿ ಒಂದು ಸ್ಕೇಲನ್ನು ಓರೆಯಾಗಿ ಇಟ್ಟು, ಅದರ ಒಂದು ತುದಿ ಹೊರಗೆ ಚಾಚಿಕೊಂಡಿರುವಂತೆ ಮಾಡಿ. ಚಾಚಿದ ತುದಿಯ ಮೇಲೆ ಒಂದು ನಾಣ್ಯವನ್ನೂ, ಸ್ಕೇಲಿಗೂ ಮೇಜಿನ ಅಂಚಿಗೂ ನಡುವಿನ ಜಾಗದಲ್ಲಿ ಅದೇ ಬೆಲೆಯ ಇನ್ನೊಂದು ನಾಣ್ಯವನ್ನೂ ಇಡಿ. ಒಳಗಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಹೊರತುದಿಯನ್ನು ಮೇಜಿನ ಅಂಚಿನ ಕಡೆಗೆ ಅಡ್ಡಲಾಗಿ ಚಟ್ಟನೆ ಹೊಡೆದರೆ ಮೇಜಿನ ಮೇಲಿದ್ದ ನಾಣ್ಯ ಮುಂದಕ್ಕೆ ಚಿಮ್ಮುತ್ತದೆ, ಸ್ಕೇಲಿನ ಮೇಲಿದ್ದದ್ದು ನೆಟ್ಟಗೆ ಕೆಳಗೆ ಬೀಳುತ್ತದೆ. ಯಾವುದು ಮೊದಲು ನೆಲ ಮುಟ್ಟುತ್ತದೆ?

ಕಣ್ಣು ಇಲ್ಲಿ ಮೋಸಹೋಗುತ್ತದೆ, ಆದ್ದರಿಂದ ಗುಂಪಿನ ಅರ್ಧದಷ್ಟು ಮಕ್ಕಳು ಕಣ್ಣು ಮುಚ್ಚಿಕೊಂಡು ಸದ್ದನ್ನಷ್ಟೇ ಕೇಳಲಿ. ನೆಲಕ್ಕೆ ಕಡಪ ಕಲ್ಲೋ ಟೈಲ್ಸೋ ಇದ್ದರೆ ಉತ್ತಮ. ಎರಡೂ ಒಟ್ಟಿಗೆ ‘ಟಣ್’ ಎನ್ನುತ್ತವೆ, 75 ಸೆಂ.ಮೀ. ಎತ್ತರದ ಮೇಜಿನಿಂದ ಎರಡಕ್ಕೂ ಹಿಡಿಯುವ ಕಾಲ ಸುಮಾರು 0.4 ಸೆಕೆಂಡು. ಮುಂದಕ್ಕೆ ಹೋಗುವ ಚಲನೆ ಕೆಳಗೆ ಬೀಳುವ ಚಲನೆಯನ್ನು ತಡೆಯುವುದೂ ಇಲ್ಲ, ಅವಸರಪಡಿಸುವುದೂ ಇಲ್ಲ. ಎರಡು ಸದ್ದು ಕೇಳಿದರೆ ಹೆಚ್ಚಾಗಿ ಅದು ಹೊಡೆತ ಓರೆಯಾಗಿ ನಾಣ್ಯ ಮೇಲಕ್ಕೆ ಹಾರಿದ್ದರ ಫಲ.

ಭಾರವಾದದ್ದು ಬೇಗ ಬೀಳುತ್ತದೆಯೇ ಎಂಬ ವಾದ ಈ ಮೇಜಿನಲ್ಲಿ ತಾನಾಗಿ ಎದ್ದೇಳುತ್ತದೆ. ನಾಣ್ಯದ ಮೇಲೆ ಅದಕ್ಕಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿದ ಕಾಗದದ ಬಿಲ್ಲೆ ಇಟ್ಟು, ಮಟ್ಟಸವಾಗಿ ಹಿಡಿದು ಬಿಡಲು ಹೇಳಿ. ಗಾಳಿಯ ತಡೆ ಕಾಗದಕ್ಕೆ ತಟ್ಟದ ಕಾರಣ ಎರಡೂ ಜೊತೆಯಾಗಿಯೇ ಇಳಿಯುತ್ತವೆ. ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ 1971ರಲ್ಲಿ ಗಾಳಿಯೇ ಇಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಬಿಟ್ಟು ತೋರಿಸಿದ್ದು ಇದನ್ನೇ.

ನಾಲ್ಕನೆಯ ಮೇಜು: ಕ್ಯಾರಂ ಬೋರ್ಡ್

ದೊಡ್ಡ ಸಂಗ್ರಹಾಲಯಗಳಲ್ಲಿ ಸಣ್ಣ ರಂಧ್ರಗಳಿಂದ ಗಾಳಿ ಚಿಮ್ಮುವ ಮೇಜಿರುತ್ತದೆ. ಅದರ ಕೆಲಸವನ್ನು ಪೌಡರ್ ಹಾಕಿದ ಕ್ಯಾರಂ ಬೋರ್ಡ್ ಸಾಕಷ್ಟು ಚೆನ್ನಾಗಿ ಮಾಡುತ್ತದೆ. ಮೊದಲು ಬೋರ್ಡನ್ನು ಚೆನ್ನಾಗಿ ಒರೆಸಿ, ಸ್ಟ್ರೈಕರ್ ಒಂದು ಹೊಡೆತಕ್ಕೆ ಎಷ್ಟು ಸಲ ಅಂಚಿಗೆ ಬಡಿದು ಮರಳುತ್ತದೆಂದು ಎಣಿಸಿ. ಆಮೇಲೆ ಪೌಡರ್ ಹಾಕಿ ಎಣಿಸಿ. ಹೊಡೆತದ ಬಲ ಪ್ರತಿಸಲವೂ ಒಂದೇ ಇರುವುದಿಲ್ಲವಾದ್ದರಿಂದ ಒಂದೇ ಮಗು ಐದು ಸಲ ಹೊಡೆದು, ಬಂದ ಸಂಖ್ಯೆಗಳಲ್ಲಿ ನಡುವಿನದನ್ನು ತೆಗೆದುಕೊಳ್ಳಲಿ. ಪೌಡರ್ ಸ್ಟ್ರೈಕರನ್ನು ತಳ್ಳುವುದಿಲ್ಲ ಎಂಬುದನ್ನು ಮಕ್ಕಳು ಒಪ್ಪುತ್ತಾರೆ. ಹಾಗಾದರೆ ಅದು ದೂರ ಹೋದದ್ದು ಹೇಗೆ, ಮೊದಲು ಅದನ್ನು ನಿಲ್ಲಿಸಿದ್ದು ಯಾವುದು ಎಂದು ಕೇಳಿದಾಗ ‘ತಾನಾಗಿ ನಿಂತಿತು’ ಎಂಬ ಉತ್ತರ ಉಳಿಯುವುದಿಲ್ಲ. ಘರ್ಷಣೆ ಸೊನ್ನೆಯಾದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆಸಿ, ಉತ್ತರವನ್ನು ಅಂದೇ ಕೇಳದಿರುವುದು ಮೇಲು.

ಅದೇ ಬೋರ್ಡಿನಲ್ಲಿ ಇನ್ನೆರಡು ಕೆಲಸ ಮಾಡಿಸಬಹುದು. ನಾಲ್ಕು ಕಾಯಿಗಳನ್ನು ಒಂದರ ಮೇಲೊಂದು ಪೇರಿಸಿ ಸ್ಟ್ರೈಕರಿನಿಂದ ಬಿರುಸಾಗಿ ಹೊಡೆದರೆ ತಳದ ಕಾಯಿ ಮಾತ್ರ ಹಾರಿ, ಉಳಿದವು ಜಡತ್ವದಿಂದ ಇದ್ದಲ್ಲೇ ಕೆಳಗಿಳಿಯುತ್ತವೆ. ಮೆಲ್ಲಗೆ ಹೊಡೆದರೆ ಇಡೀ ಪೇರಿಕೆ ಉರುಳುತ್ತದೆ. ಐದು ಕಾಯಿಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟು ಆರನೆಯ ಕಾಯಿಯಿಂದ ನೇರವಾಗಿ ಹೊಡೆದರೆ ಆಚೆಯ ತುದಿಯ ಒಂದೇ ಕಾಯಿ ಹೊರಡುತ್ತದೆ. ಇದಕ್ಕೆ ಸ್ಟ್ರೈಕರ್ ಬಳಸಬಾರದು. ಅದರ ತೂಕ ಕಾಯಿಯ ಎರಡು ಮೂರು ಪಟ್ಟು ಇರುವುದರಿಂದ ಒಂದಕ್ಕಿಂತ ಹೆಚ್ಚು ಕಾಯಿಗಳು ಚದುರುತ್ತವೆ. ಕ್ಯಾರಂಗೆ ಮಾರುವ ಪೌಡರ್ ಹೆಚ್ಚಾಗಿ ಬೋರಿಕ್ ಪೌಡರ್ ಆಗಿರುವುದರಿಂದ ಅದು ಬಾಯಿಗೆ ಹೋಗದಂತೆ ನೋಡಿಕೊಂಡು, ಮೇಜು ಬಿಡುವಾಗ ಕೈ ತೊಳೆಸಬೇಕು.

ಐದನೆಯ ಮೇಜು: ಉರುಳುವವರ ಪಂದ್ಯ

ಒಂದು ಮೀಟರ್ ಉದ್ದದ, ಬಾಗದ ಹಲಗೆಯ ಒಂದು ತುದಿಯನ್ನು 10 ಸೆಂ.ಮೀ. ಎತ್ತರಿಸಿ. ಗೋಲಿ, ಪಿವಿಸಿ ಪೈಪಿನಿಂದ ಕತ್ತರಿಸಿದ ಬೇರೆ ಬೇರೆ ಗಾತ್ರದ ಬಳೆಗಳು, ಟಾರ್ಚಿನ ದಪ್ಪ ಸೆಲ್ಲು ಇವು ಸ್ಪರ್ಧಿಗಳು. ಚೂಡಿಯಂಥ ತೆಳ್ಳನೆಯ ಬಳೆ ನಡುದಾರಿಯಲ್ಲೇ ಮಗುಚುತ್ತದೆ. ಪೈಪಿನ ತುಂಡು ನಾಲ್ಕು ಸೆಂಟಿಮೀಟರಾದರೂ ಅಗಲವಿರಲಿ. ಗೋಲಿ ಕೊನೆ ಮುಟ್ಟುವಾಗ ಬಳೆ ಇನ್ನೂ 70 ಸೆಂ.ಮೀ. ಗುರುತಿನ ಹತ್ತಿರವಿರುತ್ತದೆ. ಚಿಕ್ಕ ಬಳೆಯನ್ನೂ ದೊಡ್ಡ ಬಳೆಯನ್ನೂ ಓಡಿಸಿದರೆ ಹೆಚ್ಚುಕಡಿಮೆ ಸಮಸಮ! ತೂಕವಾಗಲಿ ಗಾತ್ರವಾಗಲಿ ಇಲ್ಲಿ ಗೆಲುವನ್ನು ನಿರ್ಧರಿಸುವುದಿಲ್ಲ. ತೂಕ ಅಕ್ಷದಿಂದ ಎಷ್ಟು ದೂರದಲ್ಲಿ ಹಂಚಿಕೊಂಡಿದೆ ಎಂಬುದು ನಿರ್ಧರಿಸುತ್ತದೆ. ಬಳೆಯ ತೂಕವೆಲ್ಲ ಅಂಚಿನಲ್ಲಿರುವುದರಿಂದ ಅದನ್ನು ತಿರುಗಿಸುವುದಕ್ಕೇ ಹೆಚ್ಚಿನ ಶಕ್ತಿ ಖರ್ಚಾಗುತ್ತದೆ.

ಮುಗಿಯಿತು ಎನ್ನುವಾಗ ಒಂದೇ ಬಗೆಯ ಎರಡು ನೀರಿನ ಬಾಟಲಿಗಳನ್ನು ತನ್ನಿ: ಒಂದಕ್ಕೆ ಕಂಠದವರೆಗೆ ನೀರು, ಇನ್ನೊಂದಕ್ಕೆ ಒಣ ಮರಳನ್ನು ಒತ್ತಿ ತುಂಬಿ. ನೀರಿನ ಬಾಟಲಿ ಗೆಲ್ಲುತ್ತದೆ, ಯಾಕೆಂದರೆ ಹೊರಗಿನ ಬಾಟಲಿ ಉರುಳಿದರೂ ಒಳಗಿನ ನೀರು ಅದರೊಡನೆ ಬಹುಪಾಲು ಸುತ್ತುವುದಿಲ್ಲ. ಮರಳನ್ನು ಅರ್ಧಕ್ಕೆ ಇಳಿಸಿದರೆ ಬಾಟಲಿ ಉರುಳಲೇ ಒಪ್ಪುವುದಿಲ್ಲ.

ಆರನೆಯ ಮೇಜು: ಏರು ಹತ್ತುವ ಜೋಡಿ ಆಲಿಕೆ

ಬಾಯಿಯ ಅಗಲ 10 ಸೆಂ.ಮೀ. ಇರುವ ಎರಡು ಪ್ಲಾಸ್ಟಿಕ್ ಆಲಿಕೆಗಳ ಬಾಯಿಗೆ ಬಾಯಿ ಸೇರಿಸಿ ಟೇಪ್ ಸುತ್ತಿ. 60 ಸೆಂ.ಮೀ. ಉದ್ದದ ಎರಡು ನುಣುಪಾದ ಕೋಲುಗಳನ್ನು ಒಂದು ತುದಿಯಲ್ಲಿ 2 ಸೆಂ.ಮೀ., ಇನ್ನೊಂದು ತುದಿಯಲ್ಲಿ 12 ಸೆಂ.ಮೀ. ಅಂತರ ಬರುವಂತೆ ಇಟ್ಟು, ಅಗಲದ ತುದಿಯನ್ನು 2 ಸೆಂ.ಮೀ. ಹೆಚ್ಚು ಎತ್ತರಿಸಿ. ಆಲಿಕೆಗಳ ಜೋಡಿಯನ್ನು ಕಿರಿದಾದ ಕೆಳತುದಿಯಲ್ಲಿ ಇಟ್ಟರೆ ಅದು ಮೇಲಕ್ಕೆ ಉರುಳಿಹೋದಂತೆ ಕಾಣುತ್ತದೆ. ಮಕ್ಕಳು ನಕ್ಕು ಮುಗಿಸಿದ ಮೇಲೆ, ಜೋಡಿಯ ಅಕ್ಷ ಮೇಜಿನಿಂದ ಎಷ್ಟು ಎತ್ತರದಲ್ಲಿದೆ ಎಂದು ಎರಡೂ ತುದಿಗಳಲ್ಲಿ ಅಳೆಯಿಸಿ. ಕೋಲುಗಳು ಏರಿದರೂ ಅವುಗಳ ನಡುವಿನ ಅಂತರ ಹಿಗ್ಗಿದಂತೆ ಆಲಿಕೆ ಒಳಕ್ಕೆ ಕುಸಿಯುವುದರಿಂದ ಅಕ್ಷ ಕೆಳಗಿಳಿದಿರುತ್ತದೆ. ಎತ್ತರವನ್ನು ಹೆಚ್ಚಿಸುತ್ತ ಹೋದರೆ ಯಾವ ಹಂತದಲ್ಲಿ ಉರುಳುವುದು ನಿಲ್ಲುತ್ತದೆಂದು ಹುಡುಕುವುದು ಇದರ ಮುಂದುವರಿದ ಕೆಲಸ.

ಎಲ್ಲರೂ ಸೇರಿದ ಮೇಲೆ: ತಿರುಗುಕುರ್ಚಿ

ಇದನ್ನು ಮಕ್ಕಳ ಕೈಗೆ ಬಿಡದೆ ಶಿಕ್ಷಕರೇ ನಡೆಸಬೇಕು. ಚಕ್ರಗಳು ಜಾರದಂತೆ ತಡೆದ, ಸಲೀಸಾಗಿ ತಿರುಗುವ ಕಚೇರಿ ಕುರ್ಚಿಯಲ್ಲಿ ಮಗುವನ್ನು ಕೂರಿಸಿ, ಎರಡೂ ಕೈಗೆ ಅರ್ಧ ಲೀಟರಿನ ನೀರಿನ ಬಾಟಲಿ ಕೊಟ್ಟು, ಕೈ ಚಾಚಿದ ಸ್ಥಿತಿಯಲ್ಲಿ ನಿಧಾನವಾಗಿ ತಿರುಗಿಸಿ. ಕೈಗಳನ್ನು ಎದೆಯತ್ತ ಎಳೆದುಕೊಂಡೊಡನೆ ಸುತ್ತುವ ವೇಗ ಹೆಚ್ಚುತ್ತದೆ, ಚಾಚಿದರೆ ಇಳಿಯುತ್ತದೆ. ಕುರ್ಚಿಯ ಮೇಲೆ ಯಾರೂ ನಿಲ್ಲಬಾರದು, ಸುತ್ತ ಎರಡು ಮೀಟರ್ ಜಾಗ ಖಾಲಿಯಿರಬೇಕು, ತಲೆಸುತ್ತು ಬರುವ ಮಕ್ಕಳನ್ನು ಒತ್ತಾಯಿಸಬಾರದು. ಬಳೆ ಗೋಲಿಗೆ ಸೋತದ್ದಕ್ಕೂ ಇದಕ್ಕೂ ಏನು ನಂಟು ಎಂದು ಕೇಳಿದರೆ ಎಂಟನೆಯ ತರಗತಿಯ ಮೇಲಿನವರಲ್ಲಿ ಒಳ್ಳೆಯ ಚರ್ಚೆ ಹುಟ್ಟುತ್ತದೆ.

ಸಂಗ್ರಹಾಲಯದ ಭೇಟಿ ಯಾವಾಗ?

ಮೇಲಿನ ಮೇಜುಗಳ ಕೆಲಸ ಮುಗಿದ ಒಂದೆರಡು ವಾರಗಳ ಒಳಗೆ ಭೇಟಿಯನ್ನು ಇಟ್ಟುಕೊಂಡರೆ ಮಕ್ಕಳು ತಮ್ಮದೇ ಪ್ರಶ್ನೆಗಳನ್ನು ಹೊತ್ತು ಬರುತ್ತಾರೆ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಬೆಂಗಳೂರಿನ ಸಂಗ್ರಹಾಲಯವನ್ನು 1962ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಅಲ್ಲಿನ ಎಂಜಿನ್ ಹಾಲ್ ಚಲನೆಯ ಪಾಠಕ್ಕೆ ಹೇಳಿ ಮಾಡಿಸಿದ ಜಾಗ. ಉತ್ತರ ಕರ್ನಾಟಕದ ಶಾಲೆಗಳಿಗೆ ಕಲಬುರಗಿ ಮತ್ತು ಧಾರವಾಡದ ವಿಜ್ಞಾನ ಕೇಂದ್ರಗಳು, ಕರಾವಳಿಯವರಿಗೆ ಮಂಗಳೂರಿನ ಪಿಲಿಕುಳ ಹತ್ತಿರ. ಇಡೀ ಕಟ್ಟಡವನ್ನು ಸುತ್ತಿಸುವ ಆಸೆಯನ್ನು ಬಿಟ್ಟು, ಇಬ್ಬಿಬ್ಬರು ಮಕ್ಕಳಿಗೆ ಒಂದು ಪ್ರದರ್ಶಿಕೆಯಂತೆ ಹಂಚಿ, ಅದರ ಮುಂದೆ ಕಾಲು ಗಂಟೆ ನಿಂತು ಚಿತ್ರ ಬರೆಯಲು ಹೇಳಿ. ನೇರವಾಗಿ ಹಿಂದೆ ಮುಂದೆ ಹೋಗುವ ಭಾಗ ಯಾವುದು, ಸುತ್ತುವ ಭಾಗ ಯಾವುದು, ಒಂದು ಇನ್ನೊಂದಾಗಿ ಬದಲಾಗುವ ಕೀಲು ಎಲ್ಲಿದೆ ಎಂಬುದನ್ನು ಬಾಣದ ಗುರುತಿನಿಂದ ತೋರಿಸಲಿ. ವಾರದ ರಜೆ ಮತ್ತು ಶಾಲಾ ಗುಂಪುಗಳ ಶುಲ್ಕವನ್ನು ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಪ್ರವಾಸದ ತಿಂಗಳುಗಳಲ್ಲಿ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ನೂಕುನುಗ್ಗಲು ಕಡಿಮೆ.

ಸಾಮಗ್ರಿಯನ್ನು ಎತ್ತಿಡುವಾಗ ಕೇಸಿಂಗ್ ಪಟ್ಟಿಯನ್ನು ಗೋಡೆಗೆ ಒರಗಿಸದೆ ನೆಲದ ಮೇಲೆ ಮಲಗಿಸಿಡಬೇಕು, ಇಲ್ಲದಿದ್ದರೆ ಬೇಸಿಗೆಯ ಬಿಸಿಗೆ ಅದು ಬಾಗುತ್ತದೆ. ಗೆಜ್ಜೆಯ ಕಮಾನುಗಳ ಜಾಗವನ್ನು ಪಟ್ಟಿಯ ಮೇಲೆ ಶಾಯಿಯಲ್ಲಿ ಗುರುತು ಮಾಡಿಡಬೇಡಿ. ಮುಂದಿನ ವರ್ಷದ ಮಕ್ಕಳು ಅದನ್ನು ನೋಡಿಬಿಡುತ್ತಾರೆ.